2014, 2016, 2018: ಬಳಸಿದ ಮಸ್ಟ್ಯಾಂಗ್ ಜಿಟಿ ಕೊಳ್ಳುವಾಗ ಯಾವ ಮಾಡೆಲ್ ವರ್ಷಕ್ಕೆ ಹೋಗಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಒಹಾಯೊದಲ್ಲಿ ನೆಲೆಸಿದ್ದು, ಬಹುಕಾಲದ ಆಸೆಯಂತೆ ಬಳಸಿದ ಫೋರ್ಡ್ ಮಸ್ಟ್ಯಾಂಗ್ ಜಿಟಿಯೊಂದನ್ನು ಕೊಳ್ಳಬೇಕೆಂದು ಹೊರಟಿದ್ದೇನೆ. 25,000 ಡಾಲರಿನ ಮಿತಿಯೊಳಗೆ ಮೂರು ಕಾರುಗಳು ಕಣ್ಣಿಗೆ ಬಿದ್ದಿವೆ: 38,000 ಮೈಲಿ ಓಡಿರುವ 2014ರದ್ದು, 52,000 ಮೈಲಿಯ 2016ರದ್ದು ಮತ್ತು 81,000 ಮೈಲಿಯ 2018ರದ್ದು. ಮೂರಕ್ಕೂ ಮ್ಯಾನುಯಲ್ ಗೇರ್ ಬಾಕ್ಸ್ ಇದೆ. ಚಳಿಗಾಲಕ್ಕೆ ಮನೆಯಲ್ಲಿ ಬೇರೆ ಕಾರಿರುವುದರಿಂದ ಇದನ್ನು ವಾರಾಂತ್ಯದಲ್ಲಿ ಮತ್ತು ಬೇಸಿಗೆಯ ದೂರದ ಪ್ರಯಾಣಗಳಲ್ಲಿ ಮಾತ್ರ ಓಡಿಸುತ್ತೇನೆ. ಹೊಸ ವರ್ಷದ ಕಾರಿಗಾಗಿ ಹೆಚ್ಚು ಓಡಿದ್ದನ್ನು ಒಪ್ಪಿಕೊಳ್ಳಬೇಕೇ, ಅಥವಾ ಕಡಿಮೆ ಓಡಿದ ಹಳೆಯದೇ ಮೇಲೇ? ಎರಡು ವರ್ಷಗಳ ಅಂತರದಲ್ಲಿ ನಿಜಕ್ಕೂ ಏನು ಬದಲಾಗಿದೆ ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ

ಈ ಕಾರಿನ ವಿಷಯದಲ್ಲಿ ಎಲ್ಲ ವರ್ಷಗಳ ನಡುವಿನ ಅಂತರವೂ ಒಂದೇ ಅಳತೆಯದಲ್ಲ. ನಿಜವಾದ ಗಡಿಗಳು ಮೂರೇ: 2011, 2015 ಮತ್ತು 2018. 2010ರವರೆಗೆ ಜಿಟಿಯಲ್ಲಿದ್ದದ್ದು 4.6 ಲೀಟರ್ ಎಂಜಿನ್. 2011ರಲ್ಲಿ 'ಕಯೋಟಿ' ಎಂದು ಹೆಸರಾದ 5.0 ಲೀಟರಿನ ವಿ8 ಬಂದು, ಶಕ್ತಿ ಒಮ್ಮೆಗೇ 315ರಿಂದ 412 ಅಶ್ವಶಕ್ತಿಗೆ ಏರಿತು. ನೀವು ನೋಡಿರುವ 2014ರ ಕಾರಿನಲ್ಲಿ ಅದೇ ಎಂಜಿನ್ 420, 2016ರದರಲ್ಲಿ 435, 2018ರದರಲ್ಲಿ 460 ಅಶ್ವಶಕ್ತಿ ಕೊಡುತ್ತದೆ. ರಸ್ತೆಯ ಮೇಲೆ 420ಕ್ಕೂ 435ಕ್ಕೂ ಇರುವ ವ್ಯತ್ಯಾಸ ನಿಮ್ಮ ಅರಿವಿಗೆ ಬರುವುದು ಕಷ್ಟವಾದ್ದರಿಂದ ಅದರ ಮೇಲೆ ತೀರ್ಮಾನ ಮಾಡಬೇಡಿ.

ಅರಿವಿಗೆ ಬರುವುದು 2014 ಮತ್ತು 2015ರ ನಡುವಿನ ಗಡಿ. 2014ರವರೆಗೆ ಹಿಂದಿನ ಎರಡೂ ಚಕ್ರಗಳನ್ನು ಒಂದೇ ಗಟ್ಟಿ ಆಕ್ಸಲ್ ಹಿಡಿದಿತ್ತು. ಒಂದು ಚಕ್ರ ಗುಂಡಿಗೆ ಇಳಿದರೆ ಅದರ ಅಲುಗಾಟ ಮತ್ತೊಂದು ಚಕ್ರಕ್ಕೂ ತಲುಪುತ್ತಿತ್ತು. 2015ರಲ್ಲಿ ಹಿಂದಿನ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್ ಬಂದಿತು, ದೇಹವೂ ಒಳಾಂಗಣವೂ ಹೊಸದಾದವು. ತಿರುವಿನಲ್ಲಿ ರಸ್ತೆ ಹದಗೆಟ್ಟಿದ್ದಾಗ ಎರಡನ್ನೂ ಓಡಿಸಿ ನೋಡಿದರೆ ಯಾರೂ ವಿವರಿಸಬೇಕಾಗುವುದಿಲ್ಲ. ಇದಕ್ಕೆ ಹೋಲಿಸಿದರೆ 2015, 2016 ಮತ್ತು 2017ರ ಕಾರುಗಳು ಬಹುತೇಕ ಒಂದೇ. 2016ರಲ್ಲಿ ಡ್ಯಾಶ್‌ಬೋರ್ಡಿನ ಪರದೆಯ ವ್ಯವಸ್ಥೆ ಹಿಂದಿನದಕ್ಕಿಂತ ಚುರುಕಾದ ಸಿಂಕ್ 3 ಆಯಿತು, ಜಿಟಿಯ ಬಾನೆಟ್ಟಿನ ಗಾಳಿಕಂಡಿಗಳಲ್ಲಿ ತಿರುವಿನ ದೀಪಗಳು ಬಂದವು. ಈ ಮೂರು ವರ್ಷಗಳೊಳಗೆ ಆಯ್ಕೆ ಮಾಡುವವರು ವರ್ಷವನ್ನು ಬಿಟ್ಟು ಕಾರಿನ ಸ್ಥಿತಿಯನ್ನೇ ನೋಡಬೇಕು.

2018ರ ಬದಲಾವಣೆ ಬಹುಪಾಲು ಯಂತ್ರದೊಳಗಿನದು. ಪೋರ್ಟ್ ಇಂಜೆಕ್ಷನ್ನಿನ (ಸಿಲಿಂಡರಿಗೆ ಗಾಳಿ ಹೋಗುವ ದಾರಿಯಲ್ಲೇ ಇಂಧನ ಸಿಂಪಡಿಸುವುದು) ಜೊತೆಗೆ ಇಂಧನವನ್ನು ನೇರವಾಗಿ ಸಿಲಿಂಡರಿಗೆ ಸಿಂಪಡಿಸುವ ವ್ಯವಸ್ಥೆಯೂ ಸೇರಿತು, ಕಂಪ್ರೆಷನ್ ಅನುಪಾತ (ಸಿಲಿಂಡರಿನೊಳಗೆ ಮಿಶ್ರಣವನ್ನು ಒತ್ತುವ ಪ್ರಮಾಣ) 12:1ಕ್ಕೆ ಏರಿತು, ಎಂಜಿನ್ನಿನ ವೇಗದ ಮಿತಿ ನಿಮಿಷಕ್ಕೆ 7,500 ಸುತ್ತಿಗೆ ಹೋಯಿತು. ಆಟೊಮ್ಯಾಟಿಕ್‌ನಲ್ಲಿ ಆರರ ಬದಲು ಹತ್ತು ಗೇರುಗಳಾದವು. ನಿಮಗೆ ಅದು ಬೇಕಿಲ್ಲವಾದರೂ, ಮ್ಯಾನುಯಲ್ ಕಾರಿಗೂ ಎರಡು ತಟ್ಟೆಗಳ ಕ್ಲಚ್ ಬಂದದ್ದು ನಿಮಗೆ ಸಂಬಂಧಿಸಿದ ವಿಷಯ. ಆದರೆ 81,000 ಮೈಲಿ ಓಡಿದ ಕಾರಿನಲ್ಲಿ ಆ ಕ್ಲಚ್ ಎಷ್ಟು ಸವೆದಿದೆ ಎಂಬುದೇ ಮುಖ್ಯವಾಗುತ್ತದೆ. ನನ್ನನ್ನು ಕೇಳಿದರೆ 2016ರದನ್ನು ಮೊದಲು ನೋಡಿ ಎನ್ನುತ್ತೇನೆ.

ಎರಡನೆಯ ಉತ್ತರ

ಮೇಲಿನವರ ಲೆಕ್ಕ ಸರಿಯಾಗಿದೆ, ಆದರೆ 2014ರ ಕಾರನ್ನು ಅಷ್ಟು ಬೇಗ ಕೈಬಿಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ನೇರ ರಸ್ತೆಯಲ್ಲಿ ನಿಂತ ಸ್ಥಳದಿಂದ ಬಿರುಸಾಗಿ ಹೊರಡುವವರಿಗೆ ಗಟ್ಟಿ ಆಕ್ಸಲ್ ಇಂದಿಗೂ ಪ್ರಿಯವಾದದ್ದು. ಅದು ಸರಳವೂ ಬಲವಾದದ್ದೂ ಆಗಿದೆ. ಹಳೆಯ ಮಸ್ಟ್ಯಾಂಗುಗಳ ಗುಣವನ್ನು ಕೊನೆಯವರೆಗೆ ಉಳಿಸಿಕೊಂಡದ್ದು ಆ ತಲೆಮಾರಿನ ಕಾರು ಎಂಬುದು ನನ್ನ ಅಭಿಪ್ರಾಯ.

ಆದರೆ ಕಡಿಮೆ ಓಡಿದೆ ಎಂಬ ಮಾತನ್ನು ಪರೀಕ್ಷಿಸದೆ ನಂಬಬೇಡಿ. ಟೈರಿನ ಪಕ್ಕೆಯಲ್ಲಿ ಡಿಓಟಿ ಎಂಬ ಅಕ್ಷರಗಳಿಂದ ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರವನ್ನೂ ವರ್ಷವನ್ನೂ ಹೇಳುತ್ತವೆ. 3513 ಎಂದಿದ್ದರೆ 2013ರ 35ನೇ ವಾರ. ಇಷ್ಟು ಹಳೆಯ ಟೈರಿನಲ್ಲಿ ಎಷ್ಟೇ ಗೀರು ಉಳಿದಿದ್ದರೂ ಬದಲಾಯಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು. ಬ್ರೇಕ್ ದ್ರವವನ್ನು ಎಂದು ಬದಲಾಯಿಸಿದರೆಂದು ಕೇಳಿ, ಏಕೆಂದರೆ ಈ ಕಾರಿನಲ್ಲಿ ಕ್ಲಚ್ಚಿಗೂ ಅದೇ ಪಾತ್ರೆಯಿಂದ ದ್ರವ ಹೋಗುತ್ತದೆ. ಬಾನೆಟ್ಟು ಅಲ್ಯೂಮಿನಿಯಂನದು, ಅದರ ಮುಂದಿನ ಅಂಚಿನ ಕೆಳಗೆ ಬಣ್ಣ ಗುಳ್ಳೆ ಎದ್ದಿದೆಯೇ ಎಂದು ಬೆರಳಾಡಿಸಿ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ, 2005ರಿಂದ 2014ರವರೆಗಿನ ಮಸ್ಟ್ಯಾಂಗುಗಳು, ಉಬ್ಬುವಾಗ ಸಿಡಿದು ಲೋಹದ ಚೂರು ಎರಚಬಲ್ಲ ಟಕಾಟಾ ಕಂಪನಿಯ ಏರ್‌ಬ್ಯಾಗ್ ಹಿಂಪಡೆತಕ್ಕೆ ಒಳಪಟ್ಟಿವೆ. ಎನ್‌ಎಚ್‌ಟಿಎಸ್‌ಎ (ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ) ತಾಣದಲ್ಲಿ ಕಾರಿನ 17 ಅಕ್ಷರಗಳ ಗುರುತಿನ ಸಂಖ್ಯೆಯಾದ ವಿಐಎನ್ ಹಾಕಿದರೆ ಆ ಕೆಲಸ ಬಾಕಿ ಇದೆಯೇ ಎಂದು ತಿಳಿಯುತ್ತದೆ, ಬಾಕಿ ಇದ್ದರೆ ಡೀಲರ್ ಬಳಿ ಉಚಿತವಾಗಿ ಮಾಡಿಕೊಡುತ್ತಾರೆ. ಅದು ಮುಗಿಯುವವರೆಗೆ ಕುಟುಂಬದವರನ್ನು ಕೂರಿಸಿಕೊಂಡು ಓಡಿಸುವುದು ಬೇಡ.

ಮೂರನೆಯ ಉತ್ತರ

ನನ್ನ ಅನುಭವವೊಂದನ್ನು ಹೇಳಿದರೆ ಉಪಯೋಗವಾದೀತು. ಕೆಲವು ವರ್ಷಗಳ ಹಿಂದೆ ನಾನು ಮಾಡೆಲ್ ವರ್ಷ, ಅಶ್ವಶಕ್ತಿ, ಬಣ್ಣ ಎಲ್ಲವನ್ನೂ ವಾರಗಟ್ಟಲೆ ತೂಗಿ ನೋಡಿ, ಕೊನೆಗೆ ಮಾರುವವರ ಮಾತನ್ನು ನಂಬಿ ಕಾರಿನ ಮಾಲೀಕತ್ವದ ದಾಖಲೆಯಾದ ಟೈಟಲ್ ಪತ್ರವನ್ನು ಸಹಿಯ ದಿನವೇ ಮೊದಲ ಬಾರಿ ನೋಡಿದೆ. ಅದರ ಮೇಲೆ 'ರೀಬಿಲ್ಟ್' ಎಂಬ ಮುದ್ರೆಯಿತ್ತು. ಎಂದರೆ ವಿಮಾ ಕಂಪನಿ ಒಮ್ಮೆ ಪೂರ್ತಿ ನಷ್ಟವೆಂದು ಬರೆದುಹಾಕಿದ ಕಾರನ್ನು ದುರಸ್ತಿ ಮಾಡಿ ಮತ್ತೆ ರಸ್ತೆಗೆ ತಂದಿದ್ದರು. ಮುಂಗಡ ಕೊಟ್ಟಾಗಿದ್ದರಿಂದ ಅದನ್ನು ಹಿಂದಕ್ಕೆ ಪಡೆಯಲು ತಿಂಗಳು ಹಿಡಿಯಿತು. ಆದ್ದರಿಂದ ವರ್ಷಗಳ ಹೋಲಿಕೆಗೆ ಮೊದಲು ಮೂರೂ ಕಾರುಗಳ ಟೈಟಲಿನ ಪ್ರತಿ ಕೇಳಿ. ಕೊಡಲು ಹಿಂಜರಿಯುವವರನ್ನು ಪಟ್ಟಿಯಿಂದ ತೆಗೆದುಹಾಕಿ.

ಜಾಹೀರಾತಿನಲ್ಲಿ ಬರೆದ ವರ್ಷವನ್ನೂ ನೀವೇ ಖಚಿತಪಡಿಸಿಕೊಳ್ಳಿ. ವಿಐಎನ್‌ನ ಹತ್ತನೆಯ ಅಕ್ಷರ ಮಾಡೆಲ್ ವರ್ಷವನ್ನು ಸೂಚಿಸುತ್ತದೆ: ಇ ಎಂದರೆ 2014, ಜಿ ಎಂದರೆ 2016, ಜೆ ಎಂದರೆ 2018. ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ತಯಾರಾದ ತಿಂಗಳಿರುತ್ತದೆ, ಅದು ಹಿಂದಿನ ವರ್ಷದ್ದಾಗಿದ್ದರೆ ಗಾಬರಿಯಾಗಬೇಕಿಲ್ಲ. 2015ರ ಮಾಡೆಲಿನ ತಯಾರಿಕೆ ಮಿಶಿಗನ್ನಿನ ಫ್ಲಾಟ್ ರಾಕ್ ಕಾರ್ಖಾನೆಯಲ್ಲಿ 2014ರ ಬೇಸಿಗೆಯಲ್ಲೇ ಆರಂಭವಾಗಿತ್ತು.

ಮೂರೂ ಕಾರುಗಳು ನಿಮ್ಮ ಸುತ್ತಮುತ್ತಲಿನವೇ ಆಗಿದ್ದರೆ, ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಸೀಮೆಯಾದ್ದರಿಂದ, ಲಿಫ್ಟಿನ ಮೇಲೇರಿಸಿ ಅಡಿಭಾಗದ ತುಕ್ಕನ್ನು ನೋಡದೆ ಹಣ ಕೊಡಬೇಡಿ. ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಒಬ್ಬರಿಗೆ ಇದನ್ನು ಒಪ್ಪಿಸಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಮೂವರಿಗೂ ಟೈಟಲಿನ ಪ್ರತಿ ಕೇಳಿದೆ. 2018ರ ಕಾರಿನವರು ನೇರವಾಗಿ ಬಂದಾಗ ತೋರಿಸುತ್ತೇವೆ ಎಂದಷ್ಟೇ ಹೇಳಿದ್ದರಿಂದ ಅದನ್ನು ಬಿಟ್ಟಿದ್ದೇನೆ. 2014ರದಕ್ಕೆ ಏರ್‌ಬ್ಯಾಗಿನ ಕೆಲಸ ಬಾಕಿ ಇರುವುದು ವಿಐಎನ್ ಹಾಕಿದಾಗ ತಿಳಿಯಿತು, ಮಾಲೀಕರಿಗೂ ಅದು ಗೊತ್ತಿರಲಿಲ್ಲ, ಅವರಿಗೆ ತಿಳಿಸಿದ್ದೇನೆ. 2016ರದರ ಟೈಟಲ್ ಸ್ವಚ್ಛವಾಗಿದೆ, ಶನಿವಾರ ಮೆಕ್ಯಾನಿಕ್ ಜೊತೆ ಹೋಗುತ್ತಿದ್ದೇನೆ. ಅಂದು ಬೇರೆ ಏನನ್ನು ಗಮನಿಸಬೇಕು?

ಮೊದಲ ಉತ್ತರ ಕೊಟ್ಟವರಿಂದ

ನೀವು ಹೋಗುವ ಮೊದಲು ಎಂಜಿನ್ ಚಾಲೂ ಮಾಡಿರಬಾರದೆಂದು ಇಂದೇ ಫೋನ್ ಮಾಡಿ ಕೇಳಿಕೊಳ್ಳಿ. ಗೇರ್ ಬಾಕ್ಸಿನ ಎಣ್ಣೆ ತಣ್ಣಗಿರುವಾಗ ಒಂದರಿಂದ ಎರಡನೆಯ ಗೇರಿಗೆ ಹಾಕುವಾಗ ತುಸು ಬಿಗಿಯಾಗುವುದು ಈ ಗೇರ್ ಬಾಕ್ಸಿನಲ್ಲಿ ಎಲ್ಲರೂ ಬಲ್ಲ ಸಂಗತಿ. ಹತ್ತು ಹದಿನೈದು ಮೈಲಿ ಓಡಿ ಬಿಸಿಯಾದ ಮೇಲೂ ಅದೇ ಬಿಗಿ ಉಳಿದರೆ, ಅಥವಾ ಹಲ್ಲು ಕಡಿದಂಥ ಸದ್ದು ಬಂದರೆ, ಬೆಲೆ ಎಷ್ಟೇ ಇಳಿಸಿದರೂ ಬೇಡ.