‘ಪೂರ್ಣ’ ಸ್ಕಾಲರ್‌ಶಿಪ್ ಎಷ್ಟು ಪೂರ್ಣ? ಹೊರದೇಶದಲ್ಲಿ ಓದಿ ಬಂದವರ ಅನುಭವ

ಕೇಳಿದವರು:
ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಪರಿಸರ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿಯನ್ನು ಹೊರದೇಶದಲ್ಲಿ ಮಾಡುವ ಆಸೆ. ಮನೆಯಿಂದ ಹಣ ಬರುವ ಹಾಗಿಲ್ಲ. ಸಾಲ ಮಾಡಲು ಅಪ್ಪನಿಗೆ ಮನಸ್ಸಿಲ್ಲ, ನನಗೆ ಧೈರ್ಯವಿಲ್ಲ. ಕಂಡ ಕಂಡ ಸ್ಕಾಲರ್‌ಶಿಪ್‌ಗಳನ್ನೆಲ್ಲ ಬರೆದಿಟ್ಟುಕೊಳ್ಳುತ್ತಾ ಹೋಗಿ ಪಟ್ಟಿ 38ಕ್ಕೆ ಮುಟ್ಟಿದೆ. ಈಗ ಅದನ್ನು ತೆರೆದರೇ ಸುಸ್ತಾಗುತ್ತದೆ. ಅಂಕಗಳು ಚೆನ್ನಾಗಿವೆ, ಹಾಗೆಂದು ರ್‍ಯಾಂಕ್ ಏನೂ ಬಂದಿಲ್ಲ. ಸಿಕ್ಕವರು, ಸಿಗದೇ ಹೋದವರು ಇಬ್ಬರೂ ಹೇಳಿ: ಎಲ್ಲಿಂದ ಶುರು ಮಾಡಲಿ?

ಎರಾಸ್ಮಸ್ ಮುಂಡುಸ್‌ನಲ್ಲಿ ಓದಿದವನು:
ಮೊದಲು ಆ ಪಟ್ಟಿಗೆ ಕತ್ತರಿ ಹಾಕಿ. ನಾನು ಹೀಗೆಯೇ ಒಂದು ಪಟ್ಟಿ ಇಟ್ಟುಕೊಂಡಿದ್ದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನನಗೆ ಅರ್ಹತೆಯೇ ಇಲ್ಲದವು ಎಂದು ತಿಳಿಯುವ ಹೊತ್ತಿಗೆ ಎರಡು ತಿಂಗಳು ಕಳೆದಿತ್ತು. ಬ್ರಿಟನ್ ಸರ್ಕಾರದ ಚೀವ್ನಿಂಗ್‌ಗೆ ಎರಡು ವರ್ಷದ, ಅಂದರೆ 2,800 ಗಂಟೆಗಳ ಕೆಲಸದ ಅನುಭವ ಬೇಕು. ಜರ್ಮನಿಯ ಡಿಎಎಡಿ ಸಂಸ್ಥೆಯ ಅಭಿವೃದ್ಧಿ ಸಂಬಂಧಿತ ಸ್ನಾತಕೋತ್ತರ ಕೋರ್ಸ್‌ಗಳಿಗೂ ಎರಡು ವರ್ಷದ ಅನುಭವ ಕೇಳುತ್ತಾರೆ. ಫ್ರಾನ್ಸಿನ ಐಫೆಲ್ ಸ್ಕಾಲರ್‌ಶಿಪ್‌ಗೆ ನೀವಾಗಿ ಅರ್ಜಿ ಹಾಕುವಂತೆಯೇ ಇಲ್ಲ. ಅಲ್ಲಿಯ ಶಿಕ್ಷಣ ಸಂಸ್ಥೆ ನಿಮ್ಮನ್ನು ಆರಿಸಿ ಹೆಸರು ಕಳುಹಿಸಬೇಕು. ಕೊನೆಯ ವರ್ಷದಲ್ಲಿರುವ ನಿಮಗೆ ಇವುಗಳಲ್ಲಿ ಕೆಲವು ಈ ವರ್ಷಕ್ಕಲ್ಲ, ಎರಡು ವರ್ಷದ ಆಮೇಲಕ್ಕೆ. ಅವನ್ನು ಬೇರೆ ಹಾಳೆಗೆ ಎತ್ತಿಟ್ಟುಬಿಡಿ.

ನನಗೆ ಸಿಕ್ಕಿದ್ದು ಯೂರೋಪ್ ಒಕ್ಕೂಟದ ಎರಾಸ್ಮಸ್ ಮುಂಡುಸ್ ಜಂಟಿ ಸ್ನಾತಕೋತ್ತರ ಪದವಿ. ಇದಕ್ಕೆ ಕೆಲಸದ ಅನುಭವದ ಸಾಮಾನ್ಯ ಷರತ್ತು ಇಲ್ಲ, ಕೊನೆಯ ವರ್ಷದವರೂ ಅರ್ಜಿ ಹಾಕಬಹುದು. ಹಲವು ವಿಶ್ವವಿದ್ಯಾಲಯಗಳು ಸೇರಿ ಒಂದು ಕೋರ್ಸ್ ನಡೆಸುತ್ತವೆ, ನೀವು ಕನಿಷ್ಠ ಎರಡು ದೇಶಗಳಲ್ಲಿ ಓದುತ್ತೀರಿ. ಅರ್ಜಿಯನ್ನು ಆಯಾ ಕೋರ್ಸ್‌ಗೇ ಹಾಕಬೇಕು. ಹೆಚ್ಚಿನವುಗಳ ಬಾಗಿಲು ಅಕ್ಟೋಬರ್‌ನಿಂದ ಜನವರಿಯವರೆಗೆ ತೆರೆದಿರುತ್ತದೆ. ಬೋಧನಾ ಶುಲ್ಕ ಇಲ್ಲ, ವಿಮೆ ಅವರದೇ, ಕೈಗೆ ತಿಂಗಳಿಗೆ 1,400 ಯೂರೊ, ಗರಿಷ್ಠ 24 ತಿಂಗಳು. ಕೇಳಲು ಬಲು ಚಂದ. ಆದರೆ ವಿಮಾನ, ವೀಸಾ, ಒಂದು ದೇಶದಿಂದ ಇನ್ನೊಂದಕ್ಕೆ ಗಂಟುಮೂಟೆ ಕಟ್ಟುವ ಖರ್ಚು ಎಲ್ಲವೂ ಆ 1,400ರೊಳಗೇ. ಎರಡನೆಯ ದೇಶದ ಬಾಡಿಗೆ ಕೋಣೆಗೆ ಮುಂಗಡ ಕಟ್ಟುವಾಗ ಮೊದಲನೆಯ ಕೋಣೆಯ ಮುಂಗಡ ನನಗಿನ್ನೂ ವಾಪಸ್ ಬಂದಿರಲಿಲ್ಲ. ಆ ತಿಂಗಳು ಸಹಪಾಠಿಯೊಬ್ಬನ ಕೈಸಾಲದಲ್ಲಿ ದಿನ ದೂಡಿದೆ.

ಮೊದಲ ವರ್ಷ ನನ್ನದು ಕಾಯುವ ಪಟ್ಟಿಯಲ್ಲೇ ಉಳಿಯಿತು. ಮರುವರ್ಷ ಅದೇ ಅಂಕಪಟ್ಟಿ, ಅದೇ ಕೋರ್ಸ್, ಆಯ್ಕೆಯಾದೆ. ಬದಲಾಗಿದ್ದು ಉದ್ದೇಶ ಪತ್ರ ಒಂದೇ. ಮೊದಲಿನದು ‘ಚಿಕ್ಕಂದಿನಿಂದಲೂ ನನಗೆ ಪ್ರಕೃತಿಯೆಂದರೆ ಪ್ರೀತಿ’ ಎಂದು ಶುರುವಾಗುತ್ತಿತ್ತು (ಈಗ ಓದಿದರೆ ನಾಚಿಕೆಯಾಗುತ್ತದೆ). ಎರಡನೆಯದು ಶುರುವಾದದ್ದು ಒಂದು ಬಾವಿಯಿಂದ. ನನ್ನ ಪ್ರಾಜೆಕ್ಟ್‌ನಲ್ಲಿ ನೀರಿನ ನೈಟ್ರೇಟ್ ಅಳೆಯುತ್ತಿದ್ದೆ. ಒಂದೇ ಬಾವಿಯಿಂದ ಒಂದೇ ದಿನ ತೆಗೆದ ಎರಡು ಸೀಸೆಗಳು ಬೇರೆ ಬೇರೆ ಅಂಕಿ ಕೊಟ್ಟವು. ಒಂದನ್ನು ತಣ್ಣಗೆ ಇಟ್ಟಿದ್ದೆ, ಇನ್ನೊಂದು ಚೀಲದಲ್ಲೇ ಬಿಸಿಲಿಗೆ ಉಳಿದಿತ್ತು. ಅದು ತಿಳಿಯಲು ನನಗೆ ಮೂರು ವಾರ ಹಿಡಿಯಿತು. ಆ ಮೂರು ವಾರ ಏನೇನು ಮಾಡಿದೆ, ಆ ಕೋರ್ಸ್‌ನ ಯಾವ ಪತ್ರಿಕೆ ನನಗೆ ಅದಕ್ಕಾಗಿಯೇ ಬೇಕು ಎಂದಷ್ಟೇ ಬರೆದೆ. ನಿಮ್ಮಲ್ಲಿಯೂ ಇಂಥ ಒಂದು ಸೀಸೆ ಇದ್ದೇ ಇರುತ್ತದೆ, ಹುಡುಕಿ.

ಜರ್ಮನಿಯಲ್ಲಿ ಓದಿದವಳು:
ನನಗೆ ಯಾವ ಸ್ಕಾಲರ್‌ಶಿಪ್ಪೂ ಸಿಗಲಿಲ್ಲ. ಆದರೂ ಪದವಿ ಮುಗಿಸಿದ್ದೇನೆ. ಪಟ್ಟಿ ಮಾಡುವವರು ಮರೆಯುವ ದಾರಿ ಇದು: ಸ್ಕಾಲರ್‌ಶಿಪ್ ಹುಡುಕುವ ಬದಲು ಶುಲ್ಕವೇ ಇಲ್ಲದ ಜಾಗ ಹುಡುಕುವುದು.

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರ್‌ಗೊಮ್ಮೆ ಕಟ್ಟುವ ಸಣ್ಣ ವಂತಿಗೆ ಇರುತ್ತದೆ. ಬಾಡೆನ್-ವುರ್ಟೆಂಬೆರ್ಗ್ ರಾಜ್ಯ ಮಾತ್ರ 2017ರಿಂದ ಯೂರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೊ ಹಾಕುತ್ತದೆ. ಹಳೆಯ ಮಾಹಿತಿ ನಂಬಿ ಕೈ ಸುಟ್ಟುಕೊಳ್ಳಬೇಡಿ: ಸ್ವೀಡನ್ 2011ರಿಂದ, ಫಿನ್ಲೆಂಡ್ 2017ರಿಂದ, ನಾರ್ವೆ 2023ರಿಂದ ಹೊರಗಿನವರಿಗೆ ಶುಲ್ಕ ವಿಧಿಸುತ್ತಿವೆ. ‘ನಾರ್ವೆಯಲ್ಲಿ ಓದು ಉಚಿತ’ ಎಂದು ಈಗಲೂ ಹೇಳುವವರಿದ್ದಾರೆ.

ಶುಲ್ಕ ಇಲ್ಲವೆಂದ ಮಾತ್ರಕ್ಕೆ ಹಣ ಬೇಡವೆಂದಲ್ಲ. ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟ್‌ನಲ್ಲಿ ಒಂದು ವರ್ಷದ ಜೀವನ ವೆಚ್ಚ ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೊ. ದುಡ್ಡು ನಿಮ್ಮದೇ, ಆದರೆ ತಿಂಗಳಿಗೆ 992 ಯೂರೊ ಮಾತ್ರ ಕೈಗೆ ಬರುತ್ತದೆ. ಅಷ್ಟನ್ನು ಕೂಡಿಸಲು ನಾನು ಪದವಿಯ ನಂತರ ಎರಡು ವರ್ಷ ಕೆಲಸ ಮಾಡಿದೆ. ಗೆಳತಿಯರೆಲ್ಲ ಮುಂದೆ ಹೋದರು ಎಂಬ ಸಂಕಟ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಎರಡು ವರ್ಷದ ಅನುಭವವೇ ಮುಂದೆ ವಿಭಾಗದಲ್ಲಿ ಸಹಾಯಕಿಯ ಕೆಲಸ ಕೊಡಿಸಿತು. ಅಲ್ಲಿ ಅದನ್ನು ‘ಹಿವಿ’ ಎನ್ನುತ್ತಾರೆ. ಹೊರಗಿನ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ವಿಶ್ವವಿದ್ಯಾಲಯದೊಳಗಿನ ಇಂಥ ಸಹಾಯಕ ಕೆಲಸವನ್ನು ಸಾಮಾನ್ಯವಾಗಿ ಆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೊದಲ ಸೆಮಿಸ್ಟರ್‌ನಲ್ಲಿ ಕೆಲಸ ಸಿಕ್ಕೀತೆಂದು ಲೆಕ್ಕ ಹಾಕಿಕೊಂಡು ಮಾತ್ರ ಬರಬೇಡಿ. ನನಗೆ ಸಿಕ್ಕಿದ್ದು ಮೂರನೆಯದರಲ್ಲಿ.

ಇನ್ನೊಂದು ವಿಷಯ, ಸೇರಿದ ಮೇಲೆ ಸಿಗುವ ಹಣ. ಡಾಯ್ಚ್‌ಲಾಂಡ್‌ಸ್ಟಿಪೆಂಡಿಯಂ ಎಂಬುದು ತಿಂಗಳಿಗೆ 300 ಯೂರೊ. ಅರ್ಧ ಸರ್ಕಾರದ್ದು, ಅರ್ಧ ಖಾಸಗಿ ದಾನಿಗಳದ್ದು. ಯಾವ ದೇಶದವರೂ ಅರ್ಜಿ ಹಾಕಬಹುದು, ಆಯ್ಕೆ ಮಾಡುವುದು ವಿಶ್ವವಿದ್ಯಾಲಯವೇ. ನಮ್ಮ ತರಗತಿಯಲ್ಲಿ ಅರ್ಜಿ ಹಾಕಿದ ಹೊರದೇಶದವರು ಇಬ್ಬರೇ. ಉಳಿದವರು ಅದು ಜರ್ಮನ್ನರಿಗೆ ಮಾತ್ರ ಎಂದುಕೊಂಡು ಸುಮ್ಮನಿದ್ದರು.

ಹಂಗೇರಿಯಲ್ಲಿ ಓದಿದವನು:
ಮೇಲಿನವರ ಮಾತಿಗೆ ಒಂದು ಬಾಲ ಸೇರಿಸುತ್ತೇನೆ. ‘ಪೂರ್ಣ ಸ್ಕಾಲರ್‌ಶಿಪ್’ ಎಂದಾಗ ಪ್ರತಿ ಸಲವೂ ‘ಏನೇನು ಸೇರಿ?’ ಎಂದು ಕೇಳಿ. ಹಂಗೇರಿ ಸರ್ಕಾರದ ಸ್ಟಿಪೆಂಡಿಯಂ ಹಂಗಾರಿಕಂ ಸ್ಕಾಲರ್‌ಶಿಪ್‌ನಲ್ಲಿ ಬೋಧನಾ ಶುಲ್ಕ ಇಲ್ಲ, ಹಾಸ್ಟೆಲ್ ಅಥವಾ ಬಾಡಿಗೆಗೆ ಸ್ವಲ್ಪ ನೆರವು ಉಂಟು. ಆದರೆ ಸ್ನಾತಕೋತ್ತರ ವಿದ್ಯಾರ್ಥಿಗೆ ತಿಂಗಳ ಭತ್ಯೆ ಎಂದು ಬರುತ್ತಿದ್ದದ್ದು 43,700 ಫೋರಿಂಟ್. ಬುಡಾಪೆಸ್ಟ್‌ನಲ್ಲಿ ಅದರಿಂದ ತಿಂಗಳು ಪೂರ್ತಿ ಬದುಕಲಾಗುವುದಿಲ್ಲ. ಅವರೂ ಅದನ್ನು ಜೀವನ ವೆಚ್ಚಕ್ಕೆ ನೆರವು ಎಂದೇ ಕರೆಯುತ್ತಾರೆ. ಪೂರ್ಣ ಎಂದು ಓದಿಕೊಂಡವನು ನಾನು. ಒಳ್ಳೆಯ ಓದು ಸಿಕ್ಕಿತು, ಬೇಸರವಿಲ್ಲ. ಜೇಬು ಮಾತ್ರ ಸದಾ ಬಿಗಿ.

ಅಮೆರಿಕದಲ್ಲಿ ಪಿಎಚ್‌ಡಿ ಮಾಡುತ್ತಿರುವವಳು:
ಸಂಶೋಧನೆಯಲ್ಲಿ ನಿಜವಾಗಿಯೂ ಆಸಕ್ತಿ ಇದ್ದರೆ ಸ್ನಾತಕೋತ್ತರ ಪದವಿಯನ್ನೇ ಹಾರಿಸಬಹುದು. ಅಮೆರಿಕದ ಅನೇಕ ವಿಭಾಗಗಳು ಪದವಿ ಮುಗಿಸಿದವರನ್ನು ನೇರವಾಗಿ ಪಿಎಚ್‌ಡಿಗೆ ತೆಗೆದುಕೊಳ್ಳುತ್ತವೆ. ವಿಜ್ಞಾನ ವಿಭಾಗಗಳಲ್ಲಿ ಪಿಎಚ್‌ಡಿಗೆ ಸಾಮಾನ್ಯವಾಗಿ ಬೋಧನಾ ಶುಲ್ಕ ಮನ್ನಾ, ಮೇಲೆ ಸ್ಟೈಪೆಂಡ್. ಬದಲಿಗೆ ವಾರಕ್ಕೆ ಸುಮಾರು 20 ಗಂಟೆ ಪಾಠದ ಅಥವಾ ಪ್ರಯೋಗಾಲಯದ ಕೆಲಸ. ಇಲ್ಲಿ ಎಲ್ಲರೂ ಅದನ್ನು ಟಿಎ, ಆರ್‌ಎ ಎನ್ನುತ್ತಾರೆ. ಅದೇ ವಿಭಾಗದ ಎಂಎಸ್‌ಗೆ ಬಂದವರು ಹೆಚ್ಚಿನವರು ಸ್ವಂತ ದುಡ್ಡಿನಲ್ಲಿ ಓದುತ್ತಾರೆ. ಈ ವ್ಯತ್ಯಾಸ ನನಗೆ ಗೊತ್ತಾದದ್ದೇ ತಡವಾಗಿ.

ಆಹ್ವಾನ ಪತ್ರ ಬಂದಾಗ ಕುಣಿದಾಡುವ ಮೊದಲು ಸಣ್ಣ ಅಕ್ಷರ ಓದಿ. ನನ್ನ ಪತ್ರದಲ್ಲಿ ಸ್ಟೈಪೆಂಡ್‌ನ ವಾರ್ಷಿಕ ಮೊತ್ತ ಎದ್ದು ಕಾಣುವಂತೆ ಇತ್ತು. ಅದು ‘ಒಂಬತ್ತು ತಿಂಗಳಿಗೆ’ ಎಂಬುದು ಮೂರನೆಯ ಪುಟದಲ್ಲಿ. ಬೇಸಿಗೆಯ ಮೂರು ತಿಂಗಳಿಗೆ ಬೇರೆ ಹಣ ಹುಡುಕಬೇಕಾಯಿತು. ಬೋಧನಾ ಶುಲ್ಕ ಮನ್ನಾ ಆದರೂ ಕಡ್ಡಾಯ ಇತರ ಶುಲ್ಕಗಳು ಮನ್ನಾ ಆಗಿರಲಿಲ್ಲ. ಸ್ಟೈಪೆಂಡ್‌ಗೆ ತೆರಿಗೆಯೂ ಇದೆ. ನಾನು ಆಗಸ್ಟ್ ನಡುವಿನಲ್ಲಿ ಇಳಿದೆ, ಮೊದಲ ಹಣ ಖಾತೆಗೆ ಬಿದ್ದದ್ದು ಅಕ್ಟೋಬರ್ ಮೊದಲ ವಾರ. ಅಷ್ಟರಲ್ಲಿ ಎರಡು ಬಾಡಿಗೆ ಕಟ್ಟಿ ಆಗಿತ್ತು. ಯಾವ ದೇಶಕ್ಕೇ ಹೋಗಿ, ಎಷ್ಟೇ ದೊಡ್ಡ ಸ್ಕಾಲರ್‌ಶಿಪ್ ಇರಲಿ, ಮೊದಲ ಎರಡು ತಿಂಗಳ ಖರ್ಚು ನಿಮ್ಮ ಕೈಯಲ್ಲಿರಲಿ. ಸಾಲ ಬೇಡವೆಂದಿದ್ದೀರಿ, ಆದರೆ ಇಷ್ಟಕ್ಕಾದರೂ ಮನೆಯಲ್ಲಿ ಈಗಲೇ ಮಾತಾಡಿಟ್ಟುಕೊಳ್ಳಿ.

ಹಾಗೆಯೇ ಏಪ್ರಿಲ್ 15 ನೆನಪಿಡಿ. ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳು ಸಹಿ ಹಾಕಿರುವ ಒಂದು ಒಪ್ಪಂದದ ಪ್ರಕಾರ, ಆರ್ಥಿಕ ನೆರವಿನ ಆಹ್ವಾನಕ್ಕೆ ಆ ದಿನಾಂಕದವರೆಗೆ ಉತ್ತರ ಕೊಡಬೇಕೆಂಬ ಕಡ್ಡಾಯವಿಲ್ಲ. ಒಂದು ವಿಭಾಗ ನನ್ನನ್ನು ಮಾರ್ಚ್ ಮೊದಲ ವಾರದಲ್ಲೇ ‘ಹೂಂ ಅಥವಾ ಊಹೂಂ’ ಎಂದು ಅವಸರಿಸಿತು. ಆ ಒಪ್ಪಂದದ ಹೆಸರೆತ್ತಿ ವಿನಯದಿಂದ ಬರೆದೆ. ಮರುದಿನವೇ ‘ಏಪ್ರಿಲ್ 15ರವರೆಗೆ ಕಾಯುತ್ತೇವೆ’ ಎಂದು ಉತ್ತರ ಬಂತು.

ಪಿಎಚ್‌ಡಿ ಬಿಟ್ಟು ಬಂದವನು:
ಮೇಲಿನ ಸಲಹೆಗೆ ನನ್ನ ತಕರಾರಿದೆ. ಹಣ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಪಿಎಚ್‌ಡಿ ಹಿಡಿಯಬೇಡಿ. ನಾನು ಹಿಡಿದಿದ್ದೆ. ಎರಡೂವರೆ ವರ್ಷಕ್ಕೆ ಸ್ನಾತಕೋತ್ತರ ಪದವಿಯೊಂದಿಗೆ ಹೊರಬಂದೆ. ಲೆಕ್ಕದಲ್ಲಿ ನೋಡಿದರೆ ಬಿಟ್ಟಿ ಪದವಿ. ಆದರೆ ನನ್ನ ಮೇಲೆ ಸಮಯ ಹಾಕಿದ ಮಾರ್ಗದರ್ಶಕರ ಎದುರು ಕೂತು ‘ಬಿಡುತ್ತೇನೆ’ ಎಂದು ಹೇಳಿದ ಆ ಅರ್ಧ ಗಂಟೆ ಈಗಲೂ ಮನಸ್ಸಿನಿಂದ ಹೋಗಿಲ್ಲ.

ಜಪಾನ್ ಸರ್ಕಾರದ ಸ್ಕಾಲರ್‌ಶಿಪ್ ಪಡೆದವನು:
ಮೆಕ್ಸ್ಟ್ ನಿಮ್ಮ ಪಟ್ಟಿಯಲ್ಲಿ ಇದ್ದರೆ ಕೆಳಗೆ ತಳ್ಳಬೇಡಿ. ಬೋಧನಾ ಶುಲ್ಕ ಇಲ್ಲ, ಹೋಗಿಬರುವ ವಿಮಾನದ ಟಿಕೆಟ್ ಅವರದು, ನನ್ನ ಕಾಲಕ್ಕೆ ಸ್ನಾತಕೋತ್ತರ ವಿದ್ಯಾರ್ಥಿಗೆ ತಿಂಗಳಿಗೆ 1,44,000 ಯೆನ್ ಬರುತ್ತಿತ್ತು. ದಾರಿ ಎರಡು: ರಾಯಭಾರ ಕಚೇರಿಯ ಮೂಲಕ, ಇಲ್ಲವೇ ವಿಶ್ವವಿದ್ಯಾಲಯದ ಶಿಫಾರಸಿನ ಮೂಲಕ. ರಾಯಭಾರ ಕಚೇರಿಯ ದಾರಿ ಉದ್ದ: ಅರ್ಜಿ, ಲಿಖಿತ ಪರೀಕ್ಷೆ, ಸಂದರ್ಶನ, ಆಮೇಲೆ ನಿಮ್ಮನ್ನು ತೆಗೆದುಕೊಳ್ಳಲು ಒಪ್ಪುವ ಪ್ರಾಧ್ಯಾಪಕರನ್ನು ಹುಡುಕುವ ಕೆಲಸ. ಹೊರಡುವುದು ಮರುವರ್ಷ. ನಾನು ಏಳು ಪ್ರಾಧ್ಯಾಪಕರಿಗೆ ಬರೆದೆ, ಇಬ್ಬರು ಉತ್ತರಿಸಿದರು, ಒಬ್ಬರು ಒಪ್ಪಿದರು. ಒಪ್ಪಿದವರಿಗೆ ಬರೆದ ಪತ್ರ ಎಲ್ಲಕ್ಕಿಂತ ಚಿಕ್ಕದಿತ್ತು: ಅವರದೇ ಒಂದು ಲೇಖನದ ನಾಲ್ಕನೆಯ ಚಿತ್ರದ ಬಗ್ಗೆ ಒಂದು ಪ್ರಶ್ನೆ, ಕೆಳಗೆ ನನ್ನ ಪರಿಚಯ ನಾಲ್ಕು ಸಾಲು.

ಚೀವ್ನಿಂಗ್ ಪಡೆದವಳು:
ಹಣದ ಹಿಂದೆ ಬರುವ ಷರತ್ತನ್ನು ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಚೀವ್ನಿಂಗ್ ಪಡೆದವರು ಓದು ಮುಗಿದ ಮೇಲೆ ಸ್ವದೇಶಕ್ಕೆ ಮರಳಿ ಕನಿಷ್ಠ ಎರಡು ವರ್ಷ ಇರಬೇಕು. ಅಮೆರಿಕದ ಫುಲ್‌ಬ್ರೈಟ್‌ಗೂ ಇಂಥದೇ ಎರಡು ವರ್ಷದ ಷರತ್ತು ಇದೆ. ಸಹಿ ಹಾಕುವಾಗ ‘ಅಯ್ಯೋ, ಮರಳುವುದು ತಾನೇ, ಅದಕ್ಕೇನು’ ಎಂದುಕೊಂಡಿದ್ದೆ. ವರ್ಷದ ಕೊನೆಗೆ ಅಲ್ಲಿಯೇ ಒಬ್ಬ ಪ್ರಾಧ್ಯಾಪಕರು ಪಿಎಚ್‌ಡಿಗೆ ಜಾಗ ಕೊಡುತ್ತೇನೆ ಎಂದಾಗ ಆ ಎರಡು ವರ್ಷದ ತೂಕ ಗೊತ್ತಾಯಿತು. ಅವರು ಕಾಯಲಿಲ್ಲ. ಷರತ್ತು ತಪ್ಪೆಂದು ನಾನು ಹೇಳುವುದಿಲ್ಲ. ತೆರಿಗೆದಾರರ ಹಣ ಕೊಟ್ಟವರು ಕೇಳುವುದು ನ್ಯಾಯವೇ. ಅಲ್ಲೇ ನೆಲೆಸುವ ಆಸೆ ನಿಮಗಿದ್ದರೆ ಮಾತ್ರ ಇವು ನಿಮ್ಮ ಸ್ಕಾಲರ್‌ಶಿಪ್‌ಗಳಲ್ಲ.

ಇನ್ನೊಬ್ಬರು:
ಮೋಸದ ಬಗ್ಗೆ ಒಂದೇ ಮಾತು. ‘ನೀವು ಆಯ್ಕೆಯಾಗಿದ್ದೀರಿ, ಹಣ ಬಿಡುಗಡೆಗೆ ಶುಲ್ಕ ಕಟ್ಟಿ’ ಎಂದು ನನಗೆ ಇಮೇಲ್ ಬಂದಿತ್ತು. ಅರ್ಜಿಯನ್ನೇ ಹಾಕದ ಸ್ಕಾಲರ್‌ಶಿಪ್ ಅದು! ವಿಶ್ವವಿದ್ಯಾಲಯದ ಪ್ರವೇಶ ಅರ್ಜಿಗೆ ಶುಲ್ಕ ಇರುವುದು ಬೇರೆ. ಸ್ವೀಡನ್‌ನಲ್ಲಿ 900 ಕ್ರೋನ ಕಟ್ಟಬೇಕು, ಅದು ಸರಿಯಾದದ್ದೇ. ಸ್ಕಾಲರ್‌ಶಿಪ್ ಕೊಡುವವರು ಹಣ ಕೇಳಿದರೆ ಅಲ್ಲಿಗೆ ಆ ಮಾತು ಮುಗಿಸಿ.

ಕೇಳಿದವರು:
ಎಲ್ಲರಿಗೂ ಋಣಿ. ನಿನ್ನೆ ರಾತ್ರಿ ಕೂತು 38ನ್ನು 7ಕ್ಕೆ ಇಳಿಸಿದೆ: ಮೂರು ಎರಾಸ್ಮಸ್ ಕೋರ್ಸ್‌ಗಳು, ಮೆಕ್ಸ್ಟ್, ಜರ್ಮನಿಯ ಮೂರು ವಿಶ್ವವಿದ್ಯಾಲಯಗಳು. ಚೀವ್ನಿಂಗ್ ಎರಡನೆಯ ಹಾಳೆಗೆ ಹೋಯಿತು. ಅಪ್ಪನೊಂದಿಗೆ ಎರಡು ತಿಂಗಳ ಖರ್ಚಿನ ಮಾತೂ ಆಯಿತು; ‘ಅಷ್ಟಾದರೆ ನೋಡೋಣ’ ಎಂದರು. ಇನ್ನೊಂದು ಪ್ರಶ್ನೆ. ಶಿಫಾರಸು ಪತ್ರಕ್ಕೆ ಯಾರನ್ನು ಕೇಳಲಿ? ವಿಭಾಗದ ಮುಖ್ಯಸ್ಥರಿಗೆ ದೊಡ್ಡ ಹೆಸರಿದೆ, ಆದರೆ ನನ್ನ ಮುಖವೂ ಅವರಿಗೆ ನೆನಪಿರಲಾರದು. ಪ್ರಾಜೆಕ್ಟ್ ಮಾಡಿಸಿದ ಮೇಡಂ ಹೊಸಬರು, ಕೆಲಸಕ್ಕೆ ಸೇರಿ ಎರಡೇ ವರ್ಷ.

ಎರಾಸ್ಮಸ್ ಮುಂಡುಸ್‌ನಲ್ಲಿ ಓದಿದವನು:
ಮೇಡಂ ಅವರನ್ನೇ ಕೇಳಿ. ದೊಡ್ಡ ಹೆಸರಿನವರು ಬರೆಯುವ ‘ಈ ವಿದ್ಯಾರ್ಥಿ ಶ್ರಮಜೀವಿ, ಸುಶೀಲೆ’ ಎಂಬ ಎರಡು ಸಾಲು ಯಾರಿಗೂ ಬೇಡ. ನಿಮ್ಮ ಅಂಕಪಟ್ಟಿ, ಉದ್ದೇಶ ಪತ್ರದ ಕರಡು, ಪ್ರಾಜೆಕ್ಟ್‌ನಲ್ಲಿ ನೀವು ಮಾಡಿದ ಎರಡು ಮೂರು ಕೆಲಸಗಳ ಟಿಪ್ಪಣಿ, ಏಳೂ ಗಡುವುಗಳನ್ನು ಒಂದೇ ಹಾಳೆಯಲ್ಲಿ ಬರೆದು ಅವರಿಗೆ ಕೊಡಿ. ಗಡುವಿಗೆ ಆರು ವಾರ ಮುಂಚೆ ಕೇಳಿ, ಎರಡು ವಾರ ಇರುವಾಗ ಒಮ್ಮೆ ನೆನಪಿಸಿ. ಕಾಲೇಜಿನ ಇಮೇಲ್ ವಿಳಾಸ ಅವರಿಗಿದೆಯೇ ಎಂದು ಇವತ್ತೇ ವಿಚಾರಿಸಿ. ಕೆಲವು ಕಡೆ ಖಾಸಗಿ ವಿಳಾಸದಿಂದ ಬಂದ ಪತ್ರವನ್ನು ಒಪ್ಪುವುದಿಲ್ಲ. ನನ್ನ ಗುರುಗಳಿಗೆ ಆ ವಿಳಾಸ ಮಾಡಿಸಿಕೊಡುವುದಕ್ಕೇ ಕಚೇರಿಗೆ ಹನ್ನೊಂದು ದಿನ ಅಲೆದಿದ್ದೆ.