ಕಂದರ, ಕಮರಿ, ಕೊಳ್ಳ: ಯಾವುದನ್ನು ಎಲ್ಲಿ ಬಳಸಬೇಕು?

ಪ್ರಶ್ನೆ (ಮಂಡ್ಯ): ಭೂಗೋಳ ಪಾಠಕ್ಕೆ ಟಿಪ್ಪಣಿ ಬರೆಯುತ್ತಿರುವ ನನಗೆ, ಅಮೆರಿಕದಲ್ಲಿ ಕೊಲರಾಡೋ ನದಿ ಕೊರೆದಿರುವ, ಸುಮಾರು 446 ಕಿಲೋಮೀಟರ್ ಉದ್ದದ ಗ್ರ್ಯಾಂಡ್ ಕ್ಯಾನ್ಯನ್ನನ್ನು ಕಣಿವೆ ಎನ್ನಬೇಕೋ ಕಂದರ ಎನ್ನಬೇಕೋ ತಿಳಿಯುತ್ತಿಲ್ಲ. ನಮ್ಮ ಮನೆಯಲ್ಲಿ ಮಳೆನೀರು ಕೊರೆದದ್ದಕ್ಕೆಲ್ಲ ಕೊರಕಲು ಎಂದಷ್ಟೇ ಹೇಳುತ್ತೇವೆ.

ಉತ್ತರ 1 (ಮೈಸೂರು): ಕಣಿವೆ ವಿಶಾಲವಾದ ಪದ, ಎರಡು ಬೆಟ್ಟಸಾಲುಗಳ ನಡುವಿನ, ಊರು ಗದ್ದೆಗಳಿರಬಹುದಾದ ತಗ್ಗೂ ಕಣಿವೆಯೇ. ಗೋಡೆಯಂತೆ ಕಡಿದಾದ ಬಂಡೆಗಳ ನಡುವೆ ನದಿಯು ಆಳಕ್ಕೆ ಇಳಿದಿದ್ದರೆ ಕಂದರವೇ ಸರಿ. ಸಂಸ್ಕೃತದಲ್ಲಿ ಆ ಪದಕ್ಕೆ ಗುಹೆ ಎಂಬ ಅರ್ಥವೂ ಇರುವುದರಿಂದ ಹಳೆಯ ಕಾವ್ಯವನ್ನು ಓದುವಾಗ ಎಚ್ಚರ ಬೇಕು. ಕಮರಿಯನ್ನು ಪತ್ರಿಕೆಗಳು ಸಡಿಲವಾಗಿ ಬಳಸುತ್ತವೆ: ಘಾಟಿಯಲ್ಲಿ ಬಸ್ಸು ಉರುಳಿದರೆ, ಕೆಳಗೆ ನದಿ ಇರಲಿ ಇಲ್ಲದಿರಲಿ, ಅದು ಕಮರಿಗೇ ಬೀಳುತ್ತದೆ!

ಉತ್ತರ 2 (ಮಳವಳ್ಳಿ): ಹತ್ತಿರದ ಉದಾಹರಣೆ ಬೇಕಾದರೆ, ಕಾವೇರಿಯು ಗಟ್ಟಿ ಶಿಲೆಯನ್ನು ಸೀಳಿಕೊಂಡು ಇಕ್ಕಟ್ಟಾಗಿ ಹರಿಯುವ ಮೇಕೆದಾಟನ್ನು ಕೊಡಿ, ಮೇಕೆ ದಾಟಬಹುದಾದಷ್ಟು ಕಿರಿದು ಎಂಬ ಭಾವ ಹೆಸರಿನಲ್ಲೇ ಇದೆ. ಆಂಧ್ರದಲ್ಲಿ ಪೆನ್ನಾರ್ ನದಿಯ ಕಂದರದ ಅಂಚಿನಲ್ಲಿರುವ ಗಂಡಿಕೋಟೆಯ ಹೆಸರಿನಲ್ಲೂ ತೆಲುಗಿನ ‘ಗಂಡಿ’, ಅಂದರೆ ಬೆಟ್ಟದ ಸಂದು, ಇದೆ. ಕೊಳ್ಳವನ್ನು ಉತ್ತರ ಕರ್ನಾಟಕದವರು ಐಹೊಳೆ ಬಳಿಯ ಸಿದ್ಧನಕೊಳ್ಳದಂಥ ಚಿಕ್ಕ ಬಂಡೆಗಣಿವೆಗೆ ಬಳಸುತ್ತಾರಾದ್ದರಿಂದ, ಗ್ರ್ಯಾಂಡ್ ಕ್ಯಾನ್ಯನ್ನಿಗೆ ಅದು ಹೊಂದದು.

ಪ್ರಶ್ನಿಸಿದವರು: ಹಾಗಾದರೆ ‘ಮಹಾಕಂದರ’ ಎಂದು ಬರೆದು, ಪಕ್ಕದಲ್ಲಿ ಮೇಕೆದಾಟಿನ ಚಿತ್ರವನ್ನು ಹಾಕುತ್ತೇನೆ.