ಕಪ್ಪೆಯ ಪರವಾಗಿ ವಕಾಲತ್ತು
“ಮುತ್ತು ಕೊಟ್ಟರೆ ಕಪ್ಪೆ ರಾಜಕುಮಾರನಾಗುತ್ತದೆ ಅನ್ನುತ್ತಾರೆ, ಆದರೆ ಜರ್ಮನ್ ಜನಪದ ಕಥೆಗಳನ್ನು ಸಂಗ್ರಹಿಸಿದ ಗ್ರಿಮ್ ಸಹೋದರರ ಕಪ್ಪೆಗೆ ಯಾರೂ ಮುತ್ತು ಕೊಟ್ಟಿಲ್ಲ” ಎಂದು ಮೇಷ್ಟ್ರು ಘೋಷಿಸಿದರು. “ಜರ್ಮನ್ ಮೂಲದಲ್ಲಿ ರಾಜಕುಮಾರಿ ಅದನ್ನು ಎತ್ತಿ ಗೋಡೆಗೆ ಅಪ್ಪಳಿಸುತ್ತಾಳೆ, ಕೆಳಗೆ ಬೀಳುವಷ್ಟರಲ್ಲಿ ಅದು ರಾಜಕುಮಾರನಾಗಿರುತ್ತದೆ. 1823ರಲ್ಲಿ ಲಂಡನ್ನಿನ ಎಡ್ಗರ್ ಟೇಲರ್ ಆ ಕಥೆಗಳನ್ನು ಇಂಗ್ಲಿಷಿಗೆ ತರುವಾಗ ಗೋಡೆಯ ಪ್ರಸಂಗವನ್ನೇ ಕೈಬಿಟ್ಟು, ಕಪ್ಪೆಯನ್ನು ಮೂರು ರಾತ್ರಿ ಅವಳ ದಿಂಬಿನ ಮೇಲೆ ಮಲಗಿಸಿ, ಯಾರಿಗೂ ಪೆಟ್ಟಾಗದಂತೆ ಕೆಲಸ ಮುಗಿಸಿದ.”

“ಟೇಲರ್ ವೃತ್ತಿಯಿಂದ ವಕೀಲ, ಕಕ್ಷಿದಾರನ ಮೇಲೆ ಹಲ್ಲೆಯಾಗುವುದನ್ನು ನೋಡಿಕೊಂಡು ಸುಮ್ಮನಿರಲು ಸಾಧ್ಯವೇ?” ಎಂದು ನಮ್ಮ ವಕೀಲರು ಸ್ವಜಾತಿ ಪ್ರೇಮ ಮೆರೆದರು.

ಹಿಮಬಿಳುಪಿನ ರಾಜಕುಮಾರಿ ಸ್ನೋವೈಟ್‌ಳ ಕಥೆಯಲ್ಲಿ ಈ ದಯೆ ಇನ್ನೂ ಮುಂದೆ ಹೋಗಿದೆ. ಮೂಲದಲ್ಲಿ ದುಷ್ಟ ರಾಣಿ ಮದುವೆಯ ಮನೆಯಲ್ಲಿ ಕೆಂಡದ ಮೇಲೆ ಕಾಯಿಸಿದ ಕಬ್ಬಿಣದ ಪಾದರಕ್ಷೆ ತೊಟ್ಟು ಸಾಯುವವರೆಗೆ ಕುಣಿಯಬೇಕು. ಟೇಲರನಲ್ಲಿ ಅವಳು ಕೋಪದಿಂದ ಉಸಿರುಕಟ್ಟಿ, ಕಾಯಿಲೆ ಬಿದ್ದು ತೀರಿಕೊಳ್ಳುತ್ತಾಳೆ. “ಸಹಜ ಮರಣ. ಸರ್ಟಿಫಿಕೇಟಿಗೆ ನಾನೇ ಸಹಿ ಹಾಕುತ್ತಿದ್ದೆ” ಎಂದರು ಡಾಕ್ಟರು.

ಒಂದು ಕಡೆ ಮಾತ್ರ ನನ್ನ ಮತ ಟೇಲರನಿಗೇ. ಗುಟ್ಟಾಗಿಟ್ಟ ಹೆಸರು ಬಯಲಾದಾಗ, ಹುಲ್ಲನ್ನು ಚಿನ್ನವಾಗಿ ನೂಲುವ ಕುಳ್ಳ ರಂಪೆಲ್‌ಸ್ಟಿಲ್ಟ್‌ಸ್ಕಿನ್ ಜರ್ಮನ್ ಕಥೆಯಲ್ಲಿ ತನ್ನನ್ನು ತಾನೇ ಎರಡಾಗಿ ಸೀಳಿಕೊಳ್ಳುತ್ತಾನೆ. ಇಂಗ್ಲಿಷಿನಲ್ಲಿ ನೆಲಕ್ಕೆ ಒದ್ದ ಕಾಲು ಅಲ್ಲೇ ಸಿಕ್ಕಿಕೊಂಡು, ಎರಡೂ ಕೈಯಿಂದ ಅದನ್ನು ಕಿತ್ತುಕೊಂಡು, ಎಲ್ಲರೂ ನಗುತ್ತಿರುವಾಗ ಕಾಲಿಗೆ ಬುದ್ಧಿ ಹೇಳುತ್ತಾನೆ. ಆ ಪೇಚಾಟವನ್ನು ಟೇಲರನ ಪುಸ್ತಕದ ಚಿತ್ರಕಾರ ಜಾರ್ಜ್ ಕ್ರುಕ್‌ಶ್ಯಾಂಕ್ ಬಿಡಿಸಿದ ಚಿತ್ರ ನೋಡಿದವರಿಗೆ ಸಾವೇ ಮೇಲಿತ್ತು ಎನ್ನಿಸುತ್ತದೆ.

“ಅದು ಶಿಕ್ಷೆಯಲ್ಲ, ಮಾನಹಾನಿ” ಎಂದು ವಕೀಲರು ತಿದ್ದಿದರು.

“1884ರಲ್ಲಿ ಮಾರ್ಗರೆಟ್ ಹಂಟ್ ಗೋಡೆಯನ್ನೂ ಕಾದ ಪಾದರಕ್ಷೆಯನ್ನೂ ಯಥಾಸ್ಥಾನದಲ್ಲಿಟ್ಟು ಸಮಗ್ರವಾಗಿ ಅನುವಾದಿಸಿದ ಮೇಲಾದರೂ ಟೇಲರನ ಅಪರಾಧ ಸಾಬೀತಾಯಿತಲ್ಲ?” ಎಂದು ಮೇಷ್ಟ್ರು ಪಟ್ಟು ಬಿಡಲಿಲ್ಲ.

“ಹಾಗಿದ್ದರೆ ಗ್ರಿಮ್ ಸಹೋದರರನ್ನೂ ಕಟಕಟೆಗೆ ಕರೆಯಿರಿ. 1812ರ ಮೊದಲ ಮುದ್ರಣದಲ್ಲಿ ಆ ಹಿಮಬಿಳುಪಿನ ಹುಡುಗಿಯನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿ. 1819ರ ಮುದ್ರಣದ ಹೊತ್ತಿಗೆ ತಾಯಿಯನ್ನು ಹೆರಿಗೆಯಲ್ಲೇ ಸಾಯಿಸಿ, ಆರೋಪವನ್ನೆಲ್ಲ ಮಲತಾಯಿಯ ತಲೆಗೆ ಕಟ್ಟಿದವರು ಟೇಲರ್ ಅಲ್ಲ, ಅವರೇ” ಎಂದು ವಕೀಲರು ಪ್ರತಿವಾದ ಹೂಡಿದರು.

“ಪಾಪ, ವಿದ್ವಾಂಸರು, ಇಂಥ ಕೈಚಳಕವನ್ನು ಎಲ್ಲಿ ಕಲಿತರೋ!” ಎಂದು ಡಾಕ್ಟರು ಬೆರಗಾದರು.

“ಮಾರ್ಬುರ್ಗ್ ವಿಶ್ವವಿದ್ಯಾಲಯದಲ್ಲಿ,” ಎಂದರು ವಕೀಲರು ಹೆಮ್ಮೆಯಿಂದ. “ಇಬ್ಬರೂ ಓದಿದ್ದು ಕಾನೂನು.”